ಬುಕಿಂಗ್ ಕೈಕೊಟ್ಟಾಗ: ರೋಮ್‌ನಿಂದ ಮ್ಯೂನಿಕ್‌ಗೆ ಉಲ್ಟಾ ಲೆಕ್ಕ

ಹೋದ ಜುಲೈ ತಿಂಗಳ ಒಂದು ಗುರುವಾರ ರಾತ್ರಿ. ರೋಮ್‌ನ ಒಂದು ಸಣ್ಣ ರೂಮಿನಲ್ಲಿ ಅಮ್ಮ ಊರಿಂದ ತಂದಿದ್ದ ಅವಲಕ್ಕಿ ನೆನೆಸ್ತಾ ಇದ್ದಳು. ನನ್ನ ಫೋನಿಗೆ ಮೇಲ್ ಬಂತು: ಶುಕ್ರವಾರ ಮಧ್ಯಾಹ್ನದ ರೋಮ್-ಮ್ಯೂನಿಕ್ ಫ್ಲೈಟ್ ರದ್ದು. ಕಾರಣ ಮುಷ್ಕರ. ಶನಿವಾರ ಬೆಳಿಗ್ಗೆ 11ಕ್ಕೆ ಮ್ಯೂನಿಕ್‌ನಲ್ಲಿ ಅಕ್ಕನ ಕಾನ್ವೊಕೇಶನ್.

ನಮ್ಮದು ಹಾಸನದ ಕಡೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಪಿಎಫ್‌ನಿಂದ ದುಡ್ಡು ತೆಗೆದು ಈ ಟ್ರಿಪ್ ಮಾಡಿಸಿದ್ದರು. ಅಪ್ಪ ಅಮ್ಮ ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ಅಕ್ಕನನ್ನ ನೋಡಿ ಎರಡು ವರ್ಷ ಆಗಿತ್ತು. ಟಿಕೆಟ್, ಹೋಟೆಲ್, ವೀಸಾ ಅಪಾಯಿಂಟ್‌ಮೆಂಟ್ ಎಲ್ಲ ಬುಕ್ ಮಾಡಿದ್ದು ನಾನು, "ಮನೆಯಲ್ಲಿ ಇಂಜಿನಿಯರ್ ಇದಾನಲ್ಲ" ಅನ್ನೋ ಒಂದೇ ಕಾರಣಕ್ಕೆ. ಹಾಗಾಗಿ ಆ ರಾತ್ರಿ ಇಬ್ಬರೂ ನನ್ನ ಮುಖ ನೋಡಿದರು.

ನಮ್ಮ ಕಾಲೇಜಿಂದ ಪ್ರತಿ ವರ್ಷ ಕೆಲವರಾದರೂ ಇಂಟರ್ನ್‌ಶಿಪ್‌ಗೋ, ಎಂ.ಎಸ್‌ಗೋ ಯೂರೋಪ್ ಕಡೆ ಹೋಗ್ತಾರೆ. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಇದನ್ನ ಬರೀತಿದೀನಿ. ನಡುವೆ ಸ್ವಲ್ಪ ಗ್ರಾಫ್ ಥಿಯರಿ ಬರುತ್ತೆ, ಹೆದರಬೇಡಿ.

ಮೊದಲ ತಪ್ಪು: ರಿಫಂಡ್ ಬಟನ್

ಮೇಲ್‌ನಲ್ಲಿ ಎರಡು ಬಟನ್ ಇತ್ತು. ಒಂದು 'ರಿಫಂಡ್', ಇನ್ನೊಂದು 'ಬೇರೆ ಫ್ಲೈಟ್'. ಎರಡನೆಯದನ್ನ ಒತ್ತಿದರೆ ಭಾನುವಾರದ ಫ್ಲೈಟ್ ಮಾತ್ರ ತೋರಿಸ್ತು. ಭಾನುವಾರ ಹೋಗಿ ಏನು ಮಾಡೋದು? ಸಿಟ್ಟಲ್ಲಿ ರಿಫಂಡ್ ಒತ್ತಿಬಿಟ್ಟೆ. ದುಡ್ಡು ವಾಪಸ್ ಬಂದರೆ ಬೇರೆ ಟಿಕೆಟ್ ತಗೋಬಹುದು ಅಂತ ನನ್ನ ಲೆಕ್ಕ. ಬೇರೆ ಟಿಕೆಟ್ ನೋಡಿದರೆ ಒಬ್ಬರಿಗೆ 240 ಯೂರೋ. ನಮಗೆ ವಾಪಸ್ ಬರೋದು ಒಬ್ಬರಿಗೆ 60.

ಆಮೇಲೆ ಓದಿ ತಿಳಿದದ್ದು ಇಷ್ಟು. ಯೂರೋಪಿಯನ್ ಯೂನಿಯನ್‌ನಲ್ಲಿ 2004ರ 261ನೇ ನಂಬರಿನ ರೆಗ್ಯುಲೇಶನ್ ಅಂತ ಒಂದಿದೆ. ಫ್ಲೈಟ್ ರದ್ದಾದರೆ ಪ್ರಯಾಣಿಕರ ಮುಂದೆ ಆಯ್ಕೆ ಇಡಬೇಕು: ಒಂದೋ 7 ದಿನದೊಳಗೆ ಪೂರ್ತಿ ದುಡ್ಡು ವಾಪಸ್, ಇಲ್ಲವೇ ಆದಷ್ಟು ಬೇಗ ಬೇರೆ ದಾರಿಯಲ್ಲಿ ಊರು ಮುಟ್ಟಿಸೋದು. ಎರಡನೆಯದನ್ನ ಆರಿಸಿಕೊಂಡರೆ ಕಾಯುವ ಹೊತ್ತಿಗೆ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್, ಅದೂ ಏರ್‌ಲೈನ್ ಕೊಡಬೇಕು. ಆ್ಯಪ್ ತೋರಿಸಿದ ಭಾನುವಾರದ ಫ್ಲೈಟ್ ಒಂದೇ ದಾರಿ ಅಂತ ಒಪ್ಪಬೇಕಾಗಿಲ್ಲ; ಕೌಂಟರ್‌ಗೆ ಹೋಗಿ ಅಥವಾ ಫೋನ್ ಮಾಡಿ ಬೇರೆ ಕಂಪನಿಯ ಫ್ಲೈಟ್ ಇದೆಯಾ ಅಂತ ಕೇಳಬಹುದು. ಆದರೆ ರಿಫಂಡ್ ಒಪ್ಪಿಕೊಂಡ ಕ್ಷಣಕ್ಕೆ ಅವರ ಜವಾಬ್ದಾರಿ ಅಲ್ಲಿಗೆ ಮುಗೀತು. ನಾನು ಮೂವರ ಪರವಾಗಿ, ಹತ್ತು ಸೆಕೆಂಡಿನಲ್ಲಿ, ಆ ಹಕ್ಕನ್ನ ಬಿಟ್ಟುಕೊಟ್ಟಿದ್ದೆ.

ಪರಿಹಾರ ಅನ್ನೋದು ಬೇರೆ, ರಿಫಂಡ್ ಬೇರೆ. ಇದನ್ನ ತುಂಬಾ ಜನ ಒಂದೇ ಅಂದ್ಕೊಳ್ತಾರೆ. ಹೊರಡೋಕೆ 14 ದಿನಕ್ಕಿಂತ ಕಡಿಮೆ ಇರುವಾಗ ರದ್ದು ಮಾಡಿದರೆ, ದೂರಕ್ಕೆ ತಕ್ಕ ಹಾಗೆ 250, 400 ಅಥವಾ 600 ಯೂರೋ ಪರಿಹಾರ ಇದೆ. 1500 ಕಿ.ಮೀ. ಒಳಗಿದ್ದರೆ 250. ಆದರೆ ಏರ್‌ಲೈನ್‌ನ ಕೈಮೀರಿದ ಅಸಾಧಾರಣ ಕಾರಣ ಇದ್ದರೆ ಕೊಡಬೇಕಾಗಿಲ್ಲ. ಮುಷ್ಕರದಲ್ಲೇ ಎರಡು ಜಾತಿ ಇದೆ. ಏರ್‌ಲೈನ್‌ನ ಸ್ವಂತ ಪೈಲಟ್, ಸಿಬ್ಬಂದಿ ಮುಷ್ಕರ ಮಾಡಿದರೆ ಅದು ಅಸಾಧಾರಣ ಅಲ್ಲ ಅಂತ ಯೂರೋಪಿನ ನ್ಯಾಯಾಲಯ ಹೇಳಿದೆ. ಏರ್ ಟ್ರಾಫಿಕ್ ಕಂಟ್ರೋಲ್‌ನವರು ಮಾಡಿದರೆ ಏರ್‌ಲೈನ್ ಪಾರು. ನಮ್ಮದು ಎರಡನೇ ಥರದ್ದು, ಹಾಗಾಗಿ ಪರಿಹಾರ ಇಲ್ಲ. ಆದರೂ ಬೇರೆ ದಾರಿಯಲ್ಲಿ ಕಳಿಸುವ ಹೊಣೆ ಮಾತ್ರ ಕಾರಣ ಏನೇ ಇದ್ದರೂ ಇರುತ್ತೆ. ಅದನ್ನೇ ನಾನು ಕಳಕೊಂಡಿದ್ದು.

ಇನ್ನೊಂದು ವಿಷಯ ನಮ್ಮವರಿಗೆ ಮುಖ್ಯ. ಯೂರೋಪಿಯನ್ ಯೂನಿಯನ್‌ನ ಏರ್‌ಪೋರ್ಟ್‌ನಿಂದ ಹೊರಡುವ ಎಲ್ಲಾ ಫ್ಲೈಟ್‌ಗೂ ಈ ನಿಯಮ ಅನ್ವಯ, ಏರ್‌ಲೈನ್ ಯಾವುದೇ ದೇಶದ್ದಾಗಿರಲಿ. ಆದರೆ ಬೆಂಗಳೂರಿಂದ ಅಲ್ಲಿಗೆ ಹೋಗುವಾಗ ಯೂರೋಪಿಯನ್ ಏರ್‌ಲೈನ್ ಆಗಿದ್ದರೆ ಮಾತ್ರ. ಅಂದ್ರೆ ಒಂದೇ ರಿಟರ್ನ್ ಟಿಕೆಟ್‌ನಲ್ಲಿ ಹೋಗುವಾಗ ಹಕ್ಕಿಲ್ಲ, ಬರುವಾಗ ಇದೆ ಅನ್ನೋ ಹಾಗೂ ಆಗಬಹುದು.

ಮುಷ್ಕರ ಗುಟ್ಟೇನಲ್ಲ

ನನಗೆ ಹೆಚ್ಚು ಬೇಜಾರಾಗಿದ್ದು ಇಲ್ಲಿ. ಇಟಲಿಯಲ್ಲಿ 1990ರ ಒಂದು ಕಾನೂನಿನ ಪ್ರಕಾರ ಸಾರಿಗೆ ಮುಷ್ಕರಕ್ಕೆ ಕನಿಷ್ಠ 10 ದಿನ ಮುಂಚೆ ನೋಟಿಸ್ ಕೊಡಬೇಕು. ಅಲ್ಲಿನ ಸಾರಿಗೆ ಸಚಿವಾಲಯದ ಸೈಟಿನಲ್ಲಿ ಕ್ಯಾಲೆಂಡರ್ ಥರ ಪಟ್ಟಿ ಇರುತ್ತೆ: ಯಾವ ದಿನ, ಯಾವ ವಲಯ, ಎಷ್ಟು ಗಂಟೆ. 'ಶೋಪೆರೋ' ಅಂದ್ರೆ ಮುಷ್ಕರ, ಆ ಒಂದು ಪದ ಗೊತ್ತಿದ್ದರೆ ಸಾಕು. ಮುಷ್ಕರದ ದಿನವೂ ವಿಮಾನಗಳಿಗೆ ಬೆಳಿಗ್ಗೆ 7ರಿಂದ 10 ಮತ್ತು ಸಂಜೆ 6ರಿಂದ 9 ರಕ್ಷಿತ ಸಮಯ. ಜುಲೈ 27ರಿಂದ ಸೆಪ್ಟೆಂಬರ್ 5ರವರೆಗೆ ವಿಮಾನಯಾನದಲ್ಲಿ ಮುಷ್ಕರವನ್ನೇ ಮಾಡುವಂತಿಲ್ಲ. ರೈಲಿಗೂ ಇಂಥದ್ದೇ ಏರ್ಪಾಡು, ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ರೀಜನಲ್ ರೈಲು ಓಡಲೇಬೇಕು.

ನಾನು ರೋಮ್‌ನಲ್ಲಿ ಯಾವ ಐಸ್‌ಕ್ರೀಮ್ ಅಂಗಡಿ ಚೆನ್ನಾಗಿದೆ ಅಂತ ಒಂದು ವಾರ ಹುಡುಕಿದ್ದೆ. ಈ ಪಟ್ಟಿಯನ್ನ ಒಂದು ಸಲ ನೋಡಿದ್ದರೆ ಬೆಳಗಿನ ಫ್ಲೈಟ್ ತಗೋತಿದ್ದೆ.

ಆ ರಾತ್ರಿ ನಾನು ಹುಡುಕಿದ ದಾರಿಗಳಲ್ಲಿ ಅತಿ ಅಗ್ಗದ್ದು ಶುಕ್ರವಾರ ಬೆಳಗಿನ ರಕ್ಷಿತ ಸಮಯದಲ್ಲಿ ಹೊರಟು, ಲಂಡನ್ ಮೇಲೆ ಹೋಗುವ ಎರಡು ಬೇರೆ ಬೇರೆ ಟಿಕೆಟ್. ಪೇಮೆಂಟ್ ಪುಟದವರೆಗೆ ಹೋಗಿಬಿಟ್ಟಿದ್ದೆ. ಫೋನ್‌ನಲ್ಲಿದ್ದ ಅಕ್ಕ ಕಿರುಚಿದಳು: "ಲೋ, ಇಂಗ್ಲೆಂಡ್ ಷೆಂಗೆನ್ ಅಲ್ಲ ಕಣೋ!" ಹೌದಲ್ವಾ. ನಮ್ಮ ಪಾಸ್‌ಪೋರ್ಟ್‌ಗೆ ಬ್ರಿಟನ್‌ನಲ್ಲಿ ಬೇರೆ ವೀಸಾ ಬೇಕು. ಜೊತೆಗೆ ನಮ್ಮದು ಸಿಂಗಲ್ ಎಂಟ್ರಿ ವೀಸಾ. ಷೆಂಗೆನ್ ವಲಯದಿಂದ ಒಂದು ಸಲ ಹೊರಗೆ ಕಾಲಿಟ್ಟರೆ, ಒಳಗೆ ಬರೋ ಬಾಗಿಲು ಮುಚ್ಚಿತು. ಐರ್ಲೆಂಡ್, ಸರ್ಬಿಯಾ ಕೂಡ ಇದೇ ಕಥೆ. ಸ್ವಿಟ್ಜರ್ಲೆಂಡ್ ಮಾತ್ರ ಉಲ್ಟಾ: ಯೂರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಷೆಂಗೆನ್‌ನಲ್ಲಿದೆ. ಫ್ಲೈಟ್ ಹುಡುಕುವ ಸೈಟಿಗೆ ನಿಮ್ಮ ಪಾಸ್‌ಪೋರ್ಟಿನ ಬಣ್ಣ ಗೊತ್ತಿರಲ್ಲ. ಅದು ಬರೀ ಎಡ್ಜ್ ವೇಟ್ ನೋಡುತ್ತೆ, ಕೆಲವು ಎಡ್ಜ್‌ಗಳು ನಮಗೆ ಇಲ್ಲವೇ ಇಲ್ಲ ಅನ್ನೋದು ಅದಕ್ಕೆ ತಿಳಿಯಲ್ಲ.

(ವೀಸಾದ ದಿನಗಳೇ ಮುಗಿದುಹೋಗುವ ಪರಿಸ್ಥಿತಿ ಬಂದರೆ? ನಿಮ್ಮ ಕೈಮೀರಿದ ಕಾರಣಕ್ಕೆ ಹೊರಡಲಾಗದಿದ್ದರೆ ಅಲ್ಲಿನ ಅಧಿಕಾರಿಗಳ ಹತ್ತಿರ ಶುಲ್ಕ ಇಲ್ಲದೆ ವಿಸ್ತರಣೆ ಕೇಳೋಕೆ ಷೆಂಗೆನ್ ವೀಸಾ ನಿಯಮದಲ್ಲೇ ಅವಕಾಶ ಇದೆ. ಆದರೆ ದಿನ ಮುಗಿಯೋ ಮೊದಲೇ ಕೇಳಬೇಕು, ರದ್ದಾದ ಮೇಲ್ ಇಟ್ಕೊಂಡಿರಬೇಕು.)

ಒಂದೇ ಎಡ್ಜ್ ಇರುವ ಗ್ರಾಫ್

ಗ್ರಾಫ್‌ನಲ್ಲಿ 'ಬ್ರಿಡ್ಜ್' ಅಂತ ಓದಿರ್ತೀವಿ: ಆ ಒಂದು ಎಡ್ಜ್ ತೆಗೆದರೆ ಗ್ರಾಫ್ ಎರಡು ತುಂಡು. ಯೂರೋಪ್ ರೈಲಿನಲ್ಲಿ ಇದಕ್ಕೆ ಎರಡು ಚಂದದ ಉದಾಹರಣೆ ಇವೆ. 2017ರ ಆಗಸ್ಟ್ 12ರಂದು ಜರ್ಮನಿಯ ರಾಷ್ಟಾಟ್‌ನಲ್ಲಿ ಹೊಸ ಸುರಂಗ ಕೊರೆಯುವಾಗ ಮೇಲಿದ್ದ ಹಳಿ ಕುಸಿಯಿತು. ಕಾರ್ಲ್ಸ್‌ರೂಹೆ-ಬಾಸೆಲ್ ಲೈನ್ ಅಕ್ಟೋಬರ್ 2ರವರೆಗೆ ಬಂದ್. ಉತ್ತರ ಯೂರೋಪ್‌ನಿಂದ ಇಟಲಿಗೆ ಹೋಗುವ ಸರಕು ರೈಲುಗಳ ಮುಖ್ಯ ದಾರಿ ಅದು. ಅಕ್ಕಪಕ್ಕದ ದಾರಿಗಳು ಆ ಹೊರೆ ಹೊರೋಕೆ ಸಾಲಲಿಲ್ಲ, ಫ್ರಾನ್ಸ್ ಕಡೆಯಿಂದ ಸುತ್ತಿಸೋಣ ಅಂದ್ರೆ ಅಲ್ಲಿನ ಭಾಷೆ, ದಾರಿ ಗೊತ್ತಿರುವ ಚಾಲಕರು ಕಡಿಮೆ.

ಇನ್ನೊಂದು ಸ್ವಿಟ್ಜರ್ಲೆಂಡ್‌ನ 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಬೇಸ್ ಟನಲ್. 2023ರ ಆಗಸ್ಟ್ 10ರಂದು ಒಳಗೆ ಸರಕು ರೈಲು ಹಳಿ ತಪ್ಪಿತು. ಪೂರ್ತಿ ಸರಿಹೋಗಿದ್ದು 2024ರ ಸೆಪ್ಟೆಂಬರ್ 2ಕ್ಕೆ. ಒಂದು ವರ್ಷದ ಮೇಲಾಯ್ತು! ಆದರೆ ಜನ ಓಡಾಡೋದು ನಿಲ್ಲಲಿಲ್ಲ, ಯಾಕಂದ್ರೆ 1882ರಲ್ಲಿ ತೆರೆದ ಹಳೇ ಬೆಟ್ಟದ ಲೈನನ್ನ ಅವರು ಕಿತ್ತು ಹಾಕಿರಲಿಲ್ಲ. ಸುಮಾರು ಒಂದು ಗಂಟೆ ಜಾಸ್ತಿ, ಅಷ್ಟೇ.

ನನ್ನ ಪ್ಲಾನ್ ರಾಷ್ಟಾಟ್ ಥರ ಇತ್ತು. ಒಂದು ಫ್ಲೈಟ್, ಅದಿಲ್ಲದಿದ್ದರೆ ಏನೂ ಇಲ್ಲ. ಫ್ಲೈಟ್‌ಗೆ ಇನ್ನೊಂದು ಫ್ಲೈಟ್ ಬ್ಯಾಕಪ್ ಅಂದ್ಕೊಂಡರೂ ಅದು ಬ್ಯಾಕಪ್ ಅಲ್ಲ. ಒಂದೇ ಮುಷ್ಕರಕ್ಕೆ ಎರಡೂ ಬೀಳುತ್ತೆ, ರದ್ದಾದ ಜನರೆಲ್ಲ ಒಟ್ಟಿಗೇ ಅದೇ ಉಳಿದ ಸೀಟುಗಳಿಗೆ ನುಗ್ಗುತ್ತಾರೆ. 240 ಯೂರೋ ಆಗಿದ್ದು ಅದಕ್ಕೇ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್‌ನ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿನ ಆಕಾಶವೇ ಸುಮಾರು ಆರು ದಿನ ಮುಚ್ಚಿದಾಗ ಬ್ರಿಟಿಷ್ ಹಾಸ್ಯನಟ ಜಾನ್ ಕ್ಲೀಸ್ ಓಸ್ಲೋದಿಂದ ಬ್ರಸೆಲ್ಸ್‌ವರೆಗೆ ಟ್ಯಾಕ್ಸಿ ಮಾಡಿಕೊಂಡು ಹೋದರಂತೆ. ಅಪ್ಪನಿಗೆ ಈ ಕಥೆ ಹೇಳಿದ್ದಕ್ಕೆ "ನಮ್ಮ ಹತ್ರ ಅಷ್ಟಿಲ್ಲಪ್ಪ" ಅಂದ್ರು.

ಆಮೇಲೆ ಅಪ್ಪ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಶಿರಾಡಿ ಬಂದ್ ಆದ್ರೆ ನಾವು ಮಂಗಳೂರಿಗೆ ಹೋಗೋದೇ ಬಿಡ್ತೀವಾ? ಚಾರ್ಮಾಡಿ ಮೇಲೆ ಹೋಗ್ತೀವಿ. ಇಲ್ಲಿ ಘಾಟಿ ಯಾವುದು?"

ಇಲ್ಲಿನ ಘಾಟಿ ಬ್ರೆನ್ನರ್. ಇಟಲಿ ಮತ್ತು ಆಸ್ಟ್ರಿಯಾ ನಡುವಿನ ಆಲ್ಪ್ಸ್ ಕಣಿವೆ, ಎತ್ತರ ಸುಮಾರು 1,370 ಮೀಟರ್, ರೈಲು 1867ರಿಂದ ಓಡ್ತಾ ಇದೆ. ವೆರೋನಾದಿಂದ ಮ್ಯೂನಿಕ್‌ಗೆ ಈ ದಾರಿಯಲ್ಲಿ ನೇರ ಯೂರೋಸಿಟಿ ರೈಲು ಇದೆ, ಐದೂವರೆ ಗಂಟೆ. ರೋಮ್‌ನಿಂದ ವೆರೋನಾಗೆ ಹೈಸ್ಪೀಡ್ ರೈಲಿನಲ್ಲಿ ಮೂರು ಗಂಟೆ. ಆ ಮುಷ್ಕರ ವಿಮಾನಗಳದ್ದು ಮಾತ್ರ, ರೈಲಿಗೆ ತಾಗಿರಲಿಲ್ಲ. ರಾತ್ರಿ ಹನ್ನೆರಡೂವರೆಗೆ ಎರಡೂ ಬುಕ್ ಮಾಡಿ ಮಲಗಿದೆವು.

ಎರಡನೇ ತಪ್ಪು

ಎರಡೂ ಬೇರೆ ಬೇರೆ ಟಿಕೆಟ್. ನಡುವೆ 40 ನಿಮಿಷ ಇಟ್ಟಿದ್ದೆ. ಮೊದಲ ರೈಲು 50 ನಿಮಿಷ ತಡ.

ರೈಲಿಗೂ ಯೂರೋಪಿನಲ್ಲಿ ನಿಯಮ ಇದೆ, 2023ರ ಜೂನ್‌ನಿಂದ ಹೊಸ ರೂಪದಲ್ಲಿ. ಒಂದು ಗಂಟೆ ತಡವಾದರೆ ಟಿಕೆಟ್ ದರದ 25%, ಎರಡು ಗಂಟೆಯಾದರೆ 50% ಪರಿಹಾರ. ಇಡೀ ಪ್ರಯಾಣ ಒಂದೇ 'ಥ್ರೂ ಟಿಕೆಟ್' ಆಗಿದ್ದರೆ, ಕನೆಕ್ಷನ್ ತಪ್ಪಿದಾಗ ಮುಂದಕ್ಕೆ ಕಳಿಸೋದು ಅವರ ಕೆಲಸ. 100 ನಿಮಿಷದೊಳಗೆ ಅವರು ದಾರಿ ತೋರಿಸದಿದ್ದರೆ ನೀವೇ ಬೇರೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಖರ್ಚು ಕೇಳಬಹುದು. ಟಿಕೆಟ್ ಬೇರೆ ಬೇರೆ ಇದ್ದರೆ ಇದ್ಯಾವುದೂ ಇಲ್ಲ. ಮೊದಲ ರೈಲಿನವರ ಪ್ರಕಾರ ನಾವು ವೆರೋನಾಗೆ ಐವತ್ತೇ ನಿಮಿಷ ತಡವಾಗಿ ಬಂದ ಪ್ರಯಾಣಿಕರು. ಎರಡನೇ ರೈಲಿನವರ ಪ್ರಕಾರ ನಾವು ಬರಲೇ ಇಲ್ಲದವರು. ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸೀಮಿತ, ಹಾಗಾಗಿ ಅದು ವೇಸ್ಟ್. ಮುಂದಿನ ನೇರ ರೈಲಿನಲ್ಲಿ ಮೂವರಿಗೆ ಸೀಟು ತೋರಿಸ್ತಾ ಇರಲಿಲ್ಲ.

ಅಮ್ಮ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಸುಮ್ಮನೆ ಕೂತಳು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಅಪ್ಪ ಜೇಬಿಂದ ಪೆನ್ ತೆಗೆದು, ವೇಸ್ಟ್ ಆದ ಟಿಕೆಟ್ ಪ್ರಿಂಟಿನ ಹಿಂದೆ ಬರೆಯೋಕೆ ಶುರು ಮಾಡಿದರು. ಎಲ್ಲಿಂದ ಅಂದ್ರೆ, ಮ್ಯೂನಿಕ್‌ನಿಂದ. "ರಾತ್ರಿ ಹನ್ನೆರಡಕ್ಕೆ ಅಲ್ಲಿರಬೇಕು. ಅದಕ್ಕಿಂತ ಹಿಂದಿನ ಊರು ಯಾವುದು?" ನಾನು ಫೋನ್ ನೋಡಿ ಹೇಳ್ತಾ ಹೋದೆ. ಹಿಂದಿನ ಊರು ಕುಫ್‌ಸ್ಟೈನ್, ಆಸ್ಟ್ರಿಯಾ-ಜರ್ಮನಿ ಗಡಿಯಲ್ಲಿ. ಅಲ್ಲಿಂದ ಮ್ಯೂನಿಕ್‌ಗೆ ಸುಮಾರು ಒಂದೂಕಾಲು ಗಂಟೆ. ಅಂದ್ರೆ ರೈಲು ಬದಲಿಸೋ ಸಮಯ ಸೇರಿಸಿ 10:30ಕ್ಕೆ ಕುಫ್‌ಸ್ಟೈನ್ ಬಿಡಬೇಕು. ಇನ್ಸ್‌ಬ್ರೂಕ್‌ನಿಂದ ಕುಫ್‌ಸ್ಟೈನ್‌ಗೆ ಒಂದು ಗಂಟೆ, 9:15ಕ್ಕೆ ಬಿಡಬೇಕು. ಬ್ರೆನ್ನರ್‌ನಿಂದ ಇನ್ಸ್‌ಬ್ರೂಕ್‌ಗೆ 40 ನಿಮಿಷ, 8:15. ವೆರೋನಾದಿಂದ ಬ್ರೆನ್ನರ್‌ಗೆ ಎಲ್ಲಾ ಕಡೆ ನಿಲ್ಲುವ ರೈಲಿನಲ್ಲಿ ನಾಲ್ಕು ಗಂಟೆ ಹತ್ತಿರ, 4:15. ಆಗ ಸಮಯ 3:20. ಮುಂದಿನ ರೀಜನಲ್ ರೈಲು 3:50ಕ್ಕೆ. "25 ನಿಮಿಷ ಇದೆ, ಎದ್ದೇಳಿ" ಅಂದ್ರು.

ವಾಪಸ್ ಬಂದ ಮೇಲೆ ಇದನ್ನ ಹಾಸ್ಟೆಲ್‌ನಲ್ಲಿ ಹೇಳಿದಾಗ ಸಿವಿಲ್‌ನ ಒಬ್ಬ ಸೀನಿಯರ್ ನಕ್ಕು "ಇದು ಕ್ರಿಟಿಕಲ್ ಪಾತ್ ಮೆಥಡ್‌ನ ಬ್ಯಾಕ್‌ವರ್ಡ್ ಪಾಸ್ ಕಣೋ" ಅಂದ್ರು. ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಪ್ರತಿ ಹಂತ ಶುರು ಮಾಡೋಕೆ ಇರುವ ಕೊನೆಯ ಸಮಯ ಕಂಡುಹಿಡಿಯೋದು. ಆ 25 ನಿಮಿಷ 'ಸ್ಲ್ಯಾಕ್'. ಮುಂದಿನಿಂದ ಲೆಕ್ಕ ಹಾಕಿದ್ದರೆ ನಾನೇನು ಮಾಡ್ತಿದ್ದೆ ಗೊತ್ತಾ? ಗ್ರೀಡಿ ಅಲ್ಗಾರಿದಮ್. ಮೊದಲು ಕಂಡ ಉತ್ತರದ ಕಡೆಯ ರೈಲು ಹತ್ತೋದು, ಹತ್ತಿರ ಆದ್ರೆ ಸಾಕು ಅಂತ. ಆಗ ಕೊನೆಯ ರೈಲು ಹೋದ ಮೇಲೆ ಬ್ರೆನ್ನರ್ ಥರದ ಪುಟ್ಟ ಬೆಟ್ಟದ ಸ್ಟೇಷನ್‌ನಲ್ಲಿ ರಾತ್ರಿ ಕಳೆಯೋ ಸಾಧ್ಯತೆ ಚೆನ್ನಾಗಿಯೇ ಇತ್ತು. ಮಧ್ಯದ ಊರುಗಳನ್ನ ಆರಿಸುವಾಗ "ಇಲ್ಲಿ ಸಿಕ್ಕಿಹಾಕಿಕೊಂಡರೆ ರೂಮ್ ಸಿಗುತ್ತಾ?" ಅಂತಲೂ ನೋಡಬೇಕು. ಇನ್ಸ್‌ಬ್ರೂಕ್‌ನಲ್ಲಿ ಸಿಗುತ್ತೆ. ಹಾಗಾಗಿ ಅದು ನಮ್ಮ ಎರಡನೇ ಗುರಿ ಆಯ್ತು: ಅಲ್ಲಿ ತಡವಾದರೆ ಉಳಿದು ಬೆಳಗಿನ ಮೊದಲ ರೈಲು.

ರೀಜನಲ್ ರೈಲು ನಮ್ಮ ಪ್ಯಾಸೆಂಜರ್ ಗಾಡಿ ಇದ್ದ ಹಾಗೆ. ಸೀಟ್ ರಿಸರ್ವೇಶನ್ ಇಲ್ಲ, 'ಫುಲ್' ಅನ್ನೋ ಮಾತಿಲ್ಲ, ಕೊನೇ ಗಳಿಗೆಯಲ್ಲಿ ಕೊಂಡರೂ ದರ ಏರಲ್ಲ. ಯೂರೋಪಿನಲ್ಲಿ ಎಲ್ಲಾ ಬುಕಿಂಗ್ ಕೈಕೊಟ್ಟಾಗ ಉಳಿಯೋದು ಇವೇ. (ಇಟಲಿಯಲ್ಲಿ ಪೇಪರ್ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಮಷೀನಿಗೆ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲಾಂದ್ರೆ ದಂಡ.)

ಬ್ರೆನ್ನರ್‌ನಲ್ಲಿ ರೈಲು ಬದಲಿಸುವಾಗ ಇಇಇ ವಿದ್ಯಾರ್ಥಿಯಾಗಿ ನನಗೆ ಒಂದು ಖುಷಿ ಕಾದಿತ್ತು. ಇಟಲಿ ಕಡೆ ತಂತಿಯಲ್ಲಿ 3 ಕಿಲೋವೋಲ್ಟ್ ಡಿಸಿ, ಆಸ್ಟ್ರಿಯಾ ಕಡೆ 15 ಕಿಲೋವೋಲ್ಟ್ ಎಸಿ, ಅದೂ 50 ಹರ್ಟ್ಸ್ ಅಲ್ಲ, 16.7. ಎರಡೂ ಸೇರುವ ಸ್ಟೇಷನ್ ಅದು. ಎಷ್ಟೋ ರೈಲುಗಳು ಅಲ್ಲೇ ನಿಲ್ಲೋಕೆ ಇದೂ ಒಂದು ಕಾರಣ. ಅಪ್ಪನಿಗೆ ವಿವರಿಸೋಕೆ ಹೋದೆ, "ಮೊದಲು ಬ್ಯಾಗ್ ಇಳಿಸು" ಅಂದ್ರು. ಜುಲೈನಲ್ಲೂ ಅಲ್ಲಿ ಚಳಿ. ಅಮ್ಮ ಸೀರೆ ಮೇಲೆ ಅಪ್ಪನ ಸ್ವೆಟರ್ ಹಾಕ್ಕೊಂಡು, ಬಾಟಲಿಯಲ್ಲಿದ್ದ ಮಜ್ಜಿಗೆ ಮುಗೀತು ಅಂತ ಪೇಚಾಡ್ತಿದ್ದಳು.

ಕುಫ್‌ಸ್ಟೈನ್ ದಾಟಿದ ಮೇಲೆ ಜರ್ಮನ್ ಪೊಲೀಸರು ಡಬ್ಬಿಗೆ ಹತ್ತಿದರು. ಷೆಂಗೆನ್ ಒಳಗೆ ಗಡಿಯೇ ಇಲ್ಲ ಅಂತ ಓದಿರ್ತೀವಿ, ಆದರೆ ಆಸ್ಟ್ರಿಯಾದಿಂದ ಬರುವ ರೈಲುಗಳಲ್ಲಿ ಜರ್ಮನಿ 2015ರಿಂದ ತಪಾಸಣೆ ಮಾಡ್ತಾ ಇದೆ. ಪಾಸ್‌ಪೋರ್ಟ್ ಮೇಲಿನ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ. ನಾವು ಇಟ್ಟಿದ್ವಿ.

ರೂಮು, ಫೋನು, ಚಿಲ್ಲರೆ

ಮ್ಯೂನಿಕ್‌ನ ಗೆಸ್ಟ್‌ಹೌಸ್‌ನಲ್ಲಿ ರಿಸೆಪ್ಶನ್ ರಾತ್ರಿ 10ಕ್ಕೆ ಮುಚ್ಚುತ್ತೆ ಅಂತ ಇನ್ಸ್‌ಬ್ರೂಕ್‌ನಲ್ಲಿ ನೆನಪಾಯ್ತು. ಹೇಳದೆ ತಡ ಮಾಡಿದರೆ 'ಬರಲಿಲ್ಲ' ಅಂತ ಬರೆದುಕೊಂಡು ರೂಮನ್ನ ಬೇರೆಯವರಿಗೆ ಕೊಡಬಹುದು, ದುಡ್ಡೂ ಹೋಗುತ್ತೆ. ಫೋನ್ ಮಾಡಿದೆ. ಆ ಕಡೆಯ ಅಜ್ಜಿ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನ ಜರ್ಮನ್ ಸೊನ್ನೆ. ಕೊನೆಗೆ ಅಕ್ಕನನ್ನ ಕಾನ್ಫರೆನ್ಸ್ ಕಾಲ್‌ಗೆ ಹಾಕಿದೆ. ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಕೀ ಇಡ್ತೀನಿ, ನಂಬರ್ ಬರ್ಕೊಳ್ಳಿ ಅಂದ್ರು. ಅಪ್ಪ ಅದನ್ನೂ ಅದೇ ಟಿಕೆಟ್ ಹಿಂದೆ ಬರೆದರು. ಒಳ್ಳೇದೇ ಆಯ್ತು, ರೋಸೆನ್‌ಹೈಮ್ ದಾಟೋ ಹೊತ್ತಿಗೆ ನನ್ನ ಫೋನ್ ಸತ್ತಿತ್ತು.

ಇದು ಬರೀ ನನ್ನ ಬ್ಯಾಟರಿಯ ಮಾತಲ್ಲ. 2025ರ ಏಪ್ರಿಲ್ 28ರಂದು ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡರಲ್ಲೂ ಇಡೀ ಗ್ರಿಡ್ ಬಿದ್ದಿತ್ತಲ್ಲ, ಆಗ ರೈಲುಗಳು ಹಳಿಯ ಮೇಲೇ ನಿಂತವು, ಕಾರ್ಡ್ ನಡೀಲಿಲ್ಲ, ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಿತು. ಆ ದಿನ ಕೈಯಲ್ಲಿ ನೋಟು ಇದ್ದವರಿಗೆ ನೀರು, ಬ್ರೆಡ್ ಸಿಕ್ಕಿತು. ನಮ್ಮ ಯುಪಿಐ ಅಭ್ಯಾಸದಲ್ಲಿ ಬೆಳೆದವರಿಗೆ ಇದು ತಲೆಗೆ ಹೋಗಲ್ಲ. 100 ಯೂರೋ ಚಿಕ್ಕ ನೋಟುಗಳಲ್ಲಿ, ಉಳಿಯುವ ಜಾಗದ ವಿಳಾಸ ಕಾಗದದ ಮೇಲೆ, ಇಷ್ಟು ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ. ಒಬ್ಬರ ಫೋನಿನಲ್ಲೇ ಮೂವರ ಟಿಕೆಟ್ ಇಟ್ಕೊಳ್ಳೋದೂ ಒಂದು ಬ್ರಿಡ್ಜ್ ಎಡ್ಜ್.

ಎಲ್ಲಾ ಸೇರಿ ನನ್ನ ಎರಡು ತಪ್ಪಿಗೆ ಸುಮಾರು ಮೂವತ್ತು ಸಾವಿರ ರೂಪಾಯಿ ಜಾಸ್ತಿ ಹೋಯಿತು. ಅಪ್ಪ ಆ ಬಗ್ಗೆ ಇವತ್ತಿಗೂ ಒಂದು ಮಾತು ಆಡಿಲ್ಲ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಕೇಳೋಣ ಅಂತ ಪಾಲಿಸಿ ತೆಗೆದು ನೋಡಿದೆ. ನಾನು ತಗೊಂಡಿದ್ದು ವೀಸಾಗೆ ಬೇಕಾದ 30,000 ಯೂರೋ ವೈದ್ಯಕೀಯ ವಿಮೆ ಮಾತ್ರ. ಪ್ರಯಾಣ ರದ್ದು, ಕನೆಕ್ಷನ್ ತಪ್ಪಿದ್ದು ಅದರಲ್ಲಿ ಇರಲೇ ಇಲ್ಲ. ತಗೊಳ್ಳುವಾಗ ಆ ಎರಡು ಸಾಲು ಇದೆಯಾ ಅಂತ ನೋಡಿ.

ರಾತ್ರಿ ಹನ್ನೊಂದು ಐವತ್ತಕ್ಕೆ ಮ್ಯೂನಿಕ್‌ನ ಪೂರ್ವ ಸ್ಟೇಷನ್‌ನಲ್ಲಿ ಇಳಿದಾಗ ಅಕ್ಕ ಪ್ಲಾಟ್‌ಫಾರಂ ತುದಿಯಿಂದ ಓಡಿಬಂದಳು. ಅಮ್ಮ ಅವಳ ಕೆನ್ನೆ ಮುಟ್ಟಿ ಮೊದಲು ಕೇಳಿದ್ದು, "ಎಷ್ಟು ಸಣ್ಣ ಆಗಿದೀಯ, ಊಟ ಆಯ್ತಾ?" ಮರುದಿನ ವೇದಿಕೆಯಲ್ಲಿ ಅಕ್ಕನ ಹೆಸರನ್ನ ಪೂರ್ತಿ ತಪ್ಪಾಗಿ ಕರೆದರು. ಅಮ್ಮ ಅಲ್ಲೇ ಕೂತಲ್ಲಿಂದ ಸರಿಯಾಗಿ ಇನ್ನೊಂದು ಸಲ ಕೂಗಿದಳು.